ಜರ್ಮನಿಯಲ್ಲಿ ಬ್ಯಾಂಕ್ ಖಾತೆ: ವಿಳಾಸ ಮೊದಲೋ, ಖಾತೆ ಮೊದಲೋ?

ಪ್ರಶ್ನೆ (ಕುವೆಂಪುನಗರ, ಮೈಸೂರು): ತಂಗಿ ಎಂ.ಎಸ್. ಓದಲು ಹೋಗಿದ್ದಾಳೆ. ಬ್ಲಾಕ್ಡ್ ಅಕೌಂಟಿನಲ್ಲಿ (ಖರ್ಚಿಗೆಂದು ಮೊದಲೇ ಇಟ್ಟು, ತಿಂಗಳಿಗಿಷ್ಟೇ ಅಂತ ಬಿಡುಗಡೆಯಾಗುವ ಹಣ) 11,904 ಯೂರೋ ಇದೆ. ತಿಂಗಳಿಗೆ 992 ಯೂರೋ ಬರಬೇಕಾದರೆ ಅಲ್ಲಿನ ಖಾತೆ ಬೇಕು. ಬ್ಯಾಂಕಿನವರು ವಿಳಾಸದ ನೋಂದಣಿ ಕೇಳ್ತಾರೆ, ಮನೆ ಮಾಲೀಕರು ಖಾತೆ ಕೇಳ್ತಾರೆ. ಏನು ಮಾಡೋದು?

ಉತ್ತರ 1: ವಿಳಾಸವೇ ಮೊದಲು. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ‘ಆನ್‌ಮೆಲ್ಡುಂಗ್’, ಅಂದರೆ ವಿಳಾಸದ ನೋಂದಣಿ, ಆಗಬೇಕು. ಬಾಡಿಗೆ ಕರಾರು ಸಾಲದು, ವಾಸಕ್ಕೆ ಬಂದಿದ್ದಾರೆಂದು ಮಾಲೀಕರು ಸಹಿ ಹಾಕಿದ ಪತ್ರ ಬೇಕು. ಬಾಡಿಗೆ ಮಾತಾಡುವಾಗಲೇ ಕೇಳಿಬಿಡಿ, ಆಮೇಲೆ ಸತಾಯಿಸುವವರಿದ್ದಾರೆ.

ಉತ್ತರ 2: ಅಂಚೆ ಪೆಟ್ಟಿಗೆ ಮೇಲೆ ತಂಗಿಯ ಹೆಸರು ಅಂಟಿಸಿದೆಯಾ ನೋಡಿ. ಬ್ಯಾಂಕ್ ಕಾರ್ಡ್ ಒಂದು ಕವರಿನಲ್ಲಿ, ಪಿನ್ ಇನ್ನೊಂದರಲ್ಲಿ ಬರುತ್ತೆ. ಹೆಸರಿಲ್ಲದಿದ್ದರೆ ಎರಡೂ ವಾಪಸ್. ನಮ್ಮ ಕಡೆಯವರಿಗೆ ಇನ್ನೊಂದು ತೊಡಕು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿಯಿದ್ದರೆ ಆನ್‌ಲೈನ್ ಫಾರಂ ಮುಂದಕ್ಕೇ ಹೋಗದಿರಬಹುದು. ಹಾಗಂತ ಅಪ್ಪನ ಹೆಸರು ತುಂಬಬೇಡಿ, ಗುರುತು ಪರಿಶೀಲನೆಯಲ್ಲಿ ತಾಳೆಯಾಗಲ್ಲ. ಶಾಖೆಗೇ ಹೋಗಿ ಮಾಡಿಸಲಿ.

ಉತ್ತರ 3: ಎಲ್ಲೂ ಆಗದಿದ್ದರೆ ‘ಬಾಸಿಸ್‌ಕೊಂಟೊ’, ಅಂದರೆ ಮೂಲಭೂತ ಬ್ಯಾಂಕ್ ಖಾತೆ, ಕೇಳಲಿ. 2016ರಿಂದ ಅದು ಹಕ್ಕು, ಖಾಯಂ ವಿಳಾಸ ಇಲ್ಲದವರಿಗೂ ಸಲ್ಲುತ್ತೆ. ಬಾಯಿಮಾತಿನಲ್ಲಲ್ಲ, ನಿಗದಿತ ನಮೂನೆಯಲ್ಲೇ ಅರ್ಜಿ ಕೊಡಲಿ. ಬ್ಯಾಂಕ್ 10 ಕೆಲಸದ ದಿನದೊಳಗೆ ತೀರ್ಮಾನ ಹೇಳಬೇಕು. ನಿರಾಕರಿಸಿದರೆ ಆ ನಿರಾಕರಣೆಯ ಪತ್ರ ಹಿಡಿದು ಬ್ಯಾಂಕುಗಳ ಮೇಲ್ವಿಚಾರಣಾ ಸಂಸ್ಥೆ ಬಾಫಿನ್‌ಗೆ ದೂರು ಕೊಡಬಹುದು.