ಸಿಕಲ್ ಸೆಲ್ ಮಗುವಿಗೆ ನೋವು ಬಂದಾಗ ಮನೆಯಲ್ಲಿ ಏನು ಮಾಡಬೇಕು?

ಪ್ರಶ್ನೆ, ಪಾವಗಡ: ಮಗನಿಗೆ 5 ವರ್ಷ, 15 ಕೆಜಿ, ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಹುಟ್ಟುಕಾಯಿಲೆ) ಇದೆ. ರಾತ್ರಿ ಕಾಲುನೋವು ಶುರುವಾದರೆ ತುಮಕೂರು ದೂರ. ಅಲ್ಲಿಯವರೆಗೆ ಏನು ಕೊಡಬಹುದು? ತಿಳಿದವರು ಹೇಳಿ.

ಮಕ್ಕಳ ವಾರ್ಡ್ ನರ್ಸ್, ಕೋಲಾರ: ಜೋರಾಗುವವರೆಗೆ ಕಾಯಬೇಡಿ ಅಕ್ಕ. ಮೊದಲು ಥರ್ಮಾಮೀಟರ್ ಇಟ್ಟು ನೋಡಿ, ಯಾಕೆಂದರೆ ಪ್ಯಾರಾಸಿಟಮಾಲ್ ಕೊಟ್ಟ ಮೇಲೆ ಜ್ವರ ಇತ್ತೋ ಇಲ್ಲವೋ ಗೊತ್ತಾಗುವುದಿಲ್ಲ. ಆಮೇಲೆ ಕೆಜಿಗೆ 15 ಮಿಗ್ರಾಂ ಲೆಕ್ಕದಲ್ಲಿ 225 ಮಿಗ್ರಾಂ ಪ್ಯಾರಾಸಿಟಮಾಲ್, ಆರು ಗಂಟೆಗೊಮ್ಮೆ, 24 ಗಂಟೆಯಲ್ಲಿ ನಾಲ್ಕೇ ಸಲ. ನೋವಿರುವಷ್ಟು ದಿನ ಗಡಿಯಾರ ನೋಡಿ ಕೊಡಿ. ಅತ್ತಾಗ ಮಾತ್ರ ಕೊಟ್ಟರೆ ಏರಿದ ನೋವನ್ನು ಇಳಿಸುವುದು ಕಷ್ಟ. ಒಂದು ಗಂಟೆಯಲ್ಲಿ ತಗ್ಗದಿದ್ದರೆ, ಡಾಕ್ಟರ್ ಬರೆದುಕೊಟ್ಟಿದ್ದರೆ ಐಬುಪ್ರೊಫೆನ್ ಕೆಜಿಗೆ 10 ಮಿಗ್ರಾಂ, ಎಂಟು ಗಂಟೆಗೊಮ್ಮೆ, ಏನಾದರೂ ತಿನ್ನಿಸಿದ ಮೇಲೆ. ವಾಂತಿಭೇದಿಯಾಗಿ ಮೂತ್ರ ಕಡಿಮೆಯಾಗಿದ್ದರೆ ಕಿಡ್ನಿಗೆ ಪೆಟ್ಟು, ಡೆಂಗಿ ಅನುಮಾನವಿದ್ದರೆ ರಕ್ತಸ್ರಾವದ ಭಯ. ಆಗ ಐಬುಪ್ರೊಫೆನ್ ಬೇಡವೇ ಬೇಡ.

ಫಾರ್ಮಸಿಸ್ಟ್, ಚಿಂತಾಮಣಿ: ತಪ್ಪಾಗುವುದು ಬಾಟಲಿಯಲ್ಲಿ. ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 125 ಮಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ನಿಮ್ಮ ಹುಡುಗನಿಗೆ ಮೊದಲನೆಯದು 9 ಎಂಎಲ್, ಎರಡನೆಯದು 4.5. ಅಡುಗೆಮನೆ ಚಮಚ ಬಿಡಿ, ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಅಳೆಯಿರಿ. ಐಬುಪ್ರೊಫೆನ್ ಜೊತೆ ಪ್ಯಾರಾಸಿಟಮಾಲೂ ಸೇರಿದ ಸಿರಪ್ ಮನೆಯಲ್ಲಿದ್ದರೆ ಹುಷಾರು: ಅದನ್ನೂ ಕೊಟ್ಟು ಬೇರೆ ಪ್ಯಾರಾಸಿಟಮಾಲೂ ಕೊಟ್ಟರೆ ಡಬಲ್ ಡೋಸ್, ಲಿವರ್‌ಗೆ ಅಪಾಯ. ನಿಮೆಸುಲೈಡ್ ಅನ್ನುವ ನೋವು-ಜ್ವರದ ಔಷಧಿ ಯಾರೇ ಕೊಟ್ಟರೂ ತಗೋಬೇಡಿ, 12 ವರ್ಷದೊಳಗಿನ ಮಕ್ಕಳಿಗೆ ಅದು 2011ರಿಂದ ನಿಷೇಧ.

ಆರೋಗ್ಯ ಕಾರ್ಯಕರ್ತೆ, ಶಿರಾ: ನೀರು, ಮಜ್ಜಿಗೆ, ಗಂಜಿ, ಎಳನೀರು ಎಲ್ಲಾ ಸೇರಿ ದಿನಕ್ಕೆ ಒಂದೂಕಾಲು ಲೀಟರ್, ಗುಟುಕು ಗುಟುಕಾಗಿ. ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಿ, ಮೊದಲು ನಿಮ್ಮ ಮುಂಗೈಗೆ ಮುಟ್ಟಿಸಿ ನೋಡಿ. ಐಸ್ ಇಡಬೇಡಿ, ರಕ್ತನಾಳ ಬಿಗಿದು ನೋವು ಹೆಚ್ಚುತ್ತದೆ.

ನರ್ಸ್, ಕೋಲಾರ: ಒಂದು ಬಿಟ್ಟುಹೋಯಿತು. ಜ್ವರ 101.3 ಡಿಗ್ರಿ ಮುಟ್ಟಿದರೆ, ಎದೆನೋವು ಅಥವಾ ಏದುಸಿರು ಬಂದರೆ, ಮಗು ಬಿಳಿಚಿಕೊಂಡು ಎಡಪಕ್ಕೆಯ ಕೆಳಗೆ ಹೊಟ್ಟೆ ಊದಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಮನೆಮದ್ದು ನಂಬಿ ಕೂರಬೇಡಿ, 108ಕ್ಕೆ ಫೋನ್ ಮಾಡಿ. ತುಮಕೂರೇ ಆಗಬೇಕೆಂದಿಲ್ಲ, ಮೊದಲು ಪಾವಗಡದ ತಾಲ್ಲೂಕು ಆಸ್ಪತ್ರೆ. ಬಾಗಿಲಲ್ಲೇ "ಸಿಕಲ್ ಸೆಲ್" ಅನ್ನಿ. ಬಂದ ಒಂದು ಗಂಟೆಯೊಳಗೆ ನೋವಿನ ಔಷಧಿ ಸಿಗಬೇಕು, ಅರ್ಧದಿಂದ ಒಂದು ಗಂಟೆಗೊಮ್ಮೆ ನೋವು ಎಷ್ಟಿದೆ ಎಂದು ನೋಡಬೇಕು. ತೀವ್ರ ನೋವಿಗೆ ಮಾರ್ಫಿನ್ ಕೊಡುತ್ತೇವೆ ಅಂದರೆ ಚಟ ಹತ್ತೀತೆಂದು ಹೆದರಿ ಬೇಡ ಅನ್ನಬೇಡಿ, ಅದು ಸರಿಯಾದ ಚಿಕಿತ್ಸೆ. ಮನೆಯಲ್ಲಿ ಯಾವ ಸಿರಪ್, ಎಷ್ಟು ಎಂಎಲ್, ಎಷ್ಟು ಗಂಟೆಗೆ ಕೊಟ್ಟಿರಿ ಅನ್ನುವ ಚೀಟಿ ಜೊತೆಗಿರಲಿ.