ವಾಚ್ ಭಾಯಿಯ ಪೈಜಾಮ, ಅಳಿಯನ ಫಾರ್ವರ್ಡ್

ತಮ್ಮಾ, ನಿನ್ನ ಫಾರ್ವರ್ಡ್ ಈಗ ನೋಡಿದೆ. ಟೈಪ್ ಮಾಡುತ್ತ ಕೂತರೆ ನನಗೆ ಸಂಜೆಯಾಗುತ್ತದೆ, ಅದಕ್ಕೇ ಮಾತಾಡಿಬಿಡುತ್ತೇನೆ. ಉದ್ದ ಆಗುತ್ತದೆ, ಹೇಳಿಬಿಟ್ಟಿದ್ದೇನೆ. ಅಕ್ಕ, ವೈನಿ, ನೀವು ಅಡುಗೆ ಮಾಡುತ್ತಲೇ ಕೇಳಿ.

ಅದನ್ನು ಓದದವರಿಗೆ ಒಂದು ಮಾತು. ಉದ್ದ ಗಡ್ಡ, ಪಾದದ ಗಂಟಿಗಿಂತ ಮೇಲೆ ಪೈಜಾಮ, ದರ್ಗಾಕ್ಕೆ ಹೋಗುವುದಿಲ್ಲ ಅಂದರೆ ಆತ ಸಲಫಿ ಅಂತೆ. ಸಲಫಿ ಅಂದರೆ ಜಿಹಾದಿ ಅಂತೆ. ತಾಲಿಬಾನ್, ಅಲ್ ಖೈದಾ, ಐಸಿಸ್ ಎಲ್ಲ ಒಂದೇ ಅಂತೆ. ನಿಮ್ಮ ಸೊಸೈಟಿಯಲ್ಲಿ ಅಂಥವರಿದ್ದರೆ ಪಟ್ಟಿ ಮಾಡಿ ಅಂತ ಕೊನೆಗೆ ಕೈಮುಗಿದ ಚಿತ್ರ ಬೇರೆ. ಕೆಳಗೆ ನೀನು "ಮಾಮಾ, ನೀವು ಇತಿಹಾಸ ಕಲಿಸಿದವರು, ಇದು ನಿಜವಾ?" ಅಂತ ಕೇಳಿದ್ದೀಯ.

ಆ ಲೆಕ್ಕದಲ್ಲಿ ನನ್ನ ಪಟ್ಟಿಯ ಮೊದಲ ಹೆಸರು ನಮ್ಮ ವಾಚ್ ಭಾಯಿಯದು. ಕಲ್ಯಾಣ ಸ್ಟೇಷನ್ ಹತ್ತಿರ ಗಾಜಿನ ಪೆಟ್ಟಿಗೆಯಂಥ ಅಂಗಡಿ. ಮಿರಜ್ ಕಡೆಯವರು, ಅರ್ಧ ಕನ್ನಡ ಬರುತ್ತದೆ. ಗಡ್ಡ ಎದೆಯವರೆಗೆ, ಪೈಜಾಮ ಗಿಡ್ಡ. ಅಹ್ಲೆ ಹದೀಸ್ ಪಂಥ. ನಮ್ಮ ದೇಶದಲ್ಲಿ ಸಲಫಿಗಳಿಗೆ ಜಾಸ್ತಿ ಇರುವ ಹೆಸರು ಅದೇ. ಊರಿಗೆ ಹೋದರೂ ಮೀರಾಸಾಹೇಬ ದರ್ಗಾದ ಕಡೆ ತಲೆ ಹಾಕುವುದಿಲ್ಲ. ಸಂಗೀತವನ್ನೂ ಕೇಳುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಅಲ್ಲಿ! ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರ ಗೋರಿ ಇರುವುದು ಅದೇ ದರ್ಗಾದಲ್ಲಿ. ಆ ಊರಲ್ಲಿ ಹುಟ್ಟಿ ಈ ಮನುಷ್ಯ ರೇಡಿಯೊ ಹಚ್ಚುವುದಿಲ್ಲ. ಅವರ ಅತ್ತೆ ಹಾಜಿ ಅಲಿ ದರ್ಗಾಕ್ಕೆ ಹೊರಟರೆ ಮನೆಯಲ್ಲಿ ಜಗಳ. "ಸತ್ತವರನ್ನು ಯಾಕೆ ಕೇಳಬೇಕು, ನೇರ ದೇವರನ್ನೇ ಕೇಳಿ" ಅನ್ನುತ್ತಾರೆ. ಅತ್ತೆ ಹೋಗುವುದನ್ನು ಬಿಟ್ಟಿಲ್ಲ, ಇವರು ಹೇಳುವುದನ್ನು ಬಿಟ್ಟಿಲ್ಲ.

'ಸಲಫ್' ಅಂದರೆ ಹಿಂದಿನವರು, ಇಸ್ಲಾಮಿನ ಮೊದಲ ಮೂರು ತಲೆಮಾರಿನವರು. ಅವರು ನಡೆದ ಹಾಗೆ ನಡೆಯಬೇಕು, ಆಮೇಲೆ ಸೇರಿದ್ದೆಲ್ಲ ಕಸ, ಇದು ಮೂಲ ಮಾತು. ಇದರಲ್ಲಿ ವಿಚಿತ್ರ ಏನೂ ಇಲ್ಲ. 'ವೇದಕ್ಕೆ ಮರಳಿ' ಅಂದ ಆರ್ಯ ಸಮಾಜ 1875ರಲ್ಲಿ ಹುಟ್ಟಿದ್ದು ನಮ್ಮ ಮುಂಬಯಿಯಲ್ಲೇ. ದೇವರು ಒಬ್ಬನೇ ಅನ್ನುವ ತೌಹೀದ್‌ಗೆ ಸಲಫಿಗಳಲ್ಲಿ ಎಲ್ಲಕ್ಕಿಂತ ದೊಡ್ಡ ಜಾಗ. ಗೋರಿಗೆ ಹರಕೆ ಹೊತ್ತರೆ ಅದು ಶಿರ್ಕ್, ದೇವರಿಗೆ ಪಾಲುದಾರ ಹುಟ್ಟಿಸಿದ ಹಾಗೆ. ಮಾಹಿಮ್ ಉರುಸಿನಲ್ಲಿ ಮುಂಬಯಿ ಪೊಲೀಸರೇ ಬ್ಯಾಂಡು ಬಾರಿಸಿಕೊಂಡು ಚಾದರ್ ತರುತ್ತಾರಲ್ಲ, ನಮಗೆ ಅದು ಚಂದ. ವಾಚ್ ಭಾಯಿಗೆ ಅದು ಪಾಪ. ವಿಜಯಪುರದಲ್ಲಿ ಮೊಹರಂ ಪಂಜಾ ನೋಡಿ, ರಿವಾಯತ್ ಪದ ಕೇಳಿ ಬೆಳೆದ ನನಗೆ ಅವರ ಈ ಮಾತು ಹಿಡಿಸುವುದಿಲ್ಲ. ಹಿಡಿಸದಿರುವುದು ಬೇರೆ, ಬಾಂಬು ಬೇರೆ.

ಅವರೆಲ್ಲ ಓದುವ ದೊಡ್ಡ ಹೆಸರು ಇಬ್ನ್ ತೈಮಿಯ್ಯ. 1263ರಲ್ಲಿ ಹುಟ್ಟಿದವರು. ಮಂಗೋಲರಿಗೆ ಹೆದರಿ ಮನೆಯವರು ಊರು ಬಿಟ್ಟಾಗ ಇನ್ನೂ ಮಗು. ಬೆಳೆದದ್ದು ಸಿರಿಯಾದ ಡಮಾಸ್ಕಸ್‌ನಲ್ಲಿ. ಗೋರಿಗಳಿಗೆ ಯಾತ್ರೆ ಹೋಗುವುದನ್ನು ವಿರೋಧಿಸಿ ಬರೆದರು ಅಂತ ಮುಸ್ಲಿಂ ರಾಜರೇ ಜೈಲಿಗೆ ಹಾಕಿದರು. 1328ರಲ್ಲಿ ಜೈಲಲ್ಲೇ ಸತ್ತರು. ಹೂಳಿದ್ದು ಎಲ್ಲಿ ಗೊತ್ತಾ? ಸೂಫಿಗಳ ಸ್ಮಶಾನದಲ್ಲಿ! ತರ್ಕಶಾಸ್ತ್ರವನ್ನು ಬೈದು ಅವರು ಬರೆದ ಅರಬ್ಬಿ ಪುಸ್ತಕ 1949ರಲ್ಲಿ ಅಚ್ಚಾದದ್ದು ಮುಂಬಯಿಯಲ್ಲಿ. ಅಂದರೆ ಈ ವಿಚಾರ ನಿನ್ನೆ ಮೊನ್ನೆ ದುಬೈ ವಿಮಾನ ಹತ್ತಿ ಬಂದದ್ದಲ್ಲ.

ಅವರ ಒಂದು ಫತ್ವಾ, ಅಂದರೆ ಧರ್ಮದ ತೀರ್ಪು, ನೆನಪಿಟ್ಟುಕೊ, ಮುಂದೆ ಬೇಕಾಗುತ್ತದೆ. ಮಂಗೋಲ್ ರಾಜರು ಅಷ್ಟೊತ್ತಿಗೆ ಮುಸ್ಲಿಮರಾಗಿದ್ದರು. ಆದರೂ ಸಿರಿಯಾ ಮೇಲೆ ದಂಡೆತ್ತಿ ಬಂದರು. ಬಾಯಲ್ಲಿ ಮುಸ್ಲಿಮರ ನಂಬಿಕೆಯ ವಚನ ಕಲಿಮಾ, ಆಳುವುದು ಚೆಂಗಿಸ್ ಖಾನನ ಕಾನೂನಿನಲ್ಲಿ, ಹಾಗಾಗಿ ಇವರ ಮೇಲೆ ಯುದ್ಧ ಸರಿ, ಅಂದರು ಇಬ್ನ್ ತೈಮಿಯ್ಯ. ಬಾಗಿಲಲ್ಲಿ ಶತ್ರು ನಿಂತಾಗ ಹೇಳಿದ ಮಾತು ಅದು.

ಆಮೇಲೆ ಅರೇಬಿಯಾದ ನಜ್ದ್‌ನಲ್ಲಿ ಮುಹಮ್ಮದ್ ಇಬ್ನ್ ಅಬ್ದುಲ್ ವಹ್ಹಾಬ್ ಬಂದರು. 1744ರಲ್ಲಿ ಸೌದ್ ಮನೆತನದ ಜೊತೆ ಕೈ ಜೋಡಿಸಿದರು. ಧರ್ಮ ಇವರದು, ಕತ್ತಿ ಅವರದು. ಇಲ್ಲಿ ರಕ್ತ ಹರಿಯಲಿಲ್ಲ ಅಂತ ನಾನು ಹೇಳುವುದಿಲ್ಲ. 1802ರಲ್ಲಿ ಅವರ ಪಡೆ ಕರ್ಬಲಾಕ್ಕೆ ನುಗ್ಗಿ ಶಿಯಾಗಳನ್ನು ಕೊಂದು, ಗೋರಿ ಲೂಟಿ ಮಾಡಿತು. ಕೊನೆಗೆ ಅದೇ ಮನೆತನ 1932ರಲ್ಲಿ ಸೌದಿ ಅರೇಬಿಯಾ ಕಟ್ಟಿತು. ಎಣ್ಣೆ ದುಡ್ಡು ಬಂದ ಮೇಲೆ ಪುಸ್ತಕ, ಮಸೀದಿ, ವಿದ್ಯಾರ್ಥಿವೇತನ ಎಲ್ಲ ಕಡೆ ಹೋದವು.

ವಾಚ್ ಭಾಯಿಗೆ ಇವರೆಲ್ಲರಿಗಿಂತ ಇಷ್ಟ ಅಲ್ಬಾನಿ. ಯಾಕೆ ಹೇಳು? ಅವರೂ ವಾಚ್ ರಿಪೇರಿ ಮಾಡುತ್ತಿದ್ದರು! ಹುಟ್ಟಿದ್ದು ಅಲ್ಬೇನಿಯಾದಲ್ಲಿ, ಅಂಗಡಿ ಡಮಾಸ್ಕಸ್‌ನಲ್ಲಿ. ಉಳಿದ ಹೊತ್ತೆಲ್ಲ ಲೈಬ್ರರಿಯಲ್ಲಿ ಕೂತು ಪ್ರವಾದಿಯ ಮಾತು ಅಂತ ಬಂದ ಹದೀಸ್‌ಗಳಲ್ಲಿ ಯಾವುದು ಗಟ್ಟಿ, ಯಾವುದು ಪೊಳ್ಳು ಅಂತ ಜರಡಿ ಹಿಡಿದರು. ರಾಜಕೀಯ ಬೇಡ, ಮೊದಲು ನಂಬಿಕೆ ಶುದ್ಧ ಮಾಡಿಕೊಳ್ಳಿ, ಮಕ್ಕಳಿಗೆ ಕಲಿಸಿ ಅನ್ನುತ್ತಿದ್ದರು. 1999ರಲ್ಲಿ ತೀರಿಕೊಂಡರು. ಸಲಫಿಗಳಲ್ಲಿ ಈ ಬಗೆಯವರೇ ಜಾಸ್ತಿ. ಚುನಾವಣೆಗೆ ನಿಂತವರೂ ಇದ್ದಾರೆ, ಈಜಿಪ್ಟಿನ ನೂರ್ ಪಕ್ಷದ ಹಾಗೆ. ಬಂದೂಕು ಹಿಡಿದವರು ಮೂರನೆಯವರು, ಸಣ್ಣ ಗುಂಪು. ಸಣ್ಣದಾದರೂ ಸದ್ದು ಅವರದೇ.

ಒಂದು ನಿಮಿಷ. ನಿಮ್ಮ ಅತ್ತೆ ಕುಕ್ಕರ್ ಆಫ್ ಮಾಡು ಅನ್ನುತ್ತಿದ್ದಾಳೆ.

ಹಾಂ. ಬಂದೂಕಿನ ಕಥೆ ಬೇರೆ ಗಲ್ಲಿಯಿಂದ ಬಂತು. ಅದಕ್ಕೆ ಸೈಯದ್ ಕುತುಬ್ ಅವರನ್ನು ನೋಡಬೇಕು. ಈಜಿಪ್ಟಿನ ಶಿಕ್ಷಣ ಇಲಾಖೆಯ ನೌಕರ, ಸಾಹಿತ್ಯ ವಿಮರ್ಶಕ. ಸೂಟು, ಟೈ, ಚಿಕ್ಕ ಮೀಸೆ. ಗಡ್ಡವೇ ಇರಲಿಲ್ಲ! ನಿನ್ನ ಫಾರ್ವರ್ಡ್ ಹಿಡಿದುಕೊಂಡು ಹುಡುಕಿದರೆ ಇವರು ಸಿಗುತ್ತಲೇ ಇರಲಿಲ್ಲ. 1954ರಲ್ಲಿ ನಾಸರ್ ಸರ್ಕಾರ ಜೈಲಿಗೆ ಹಾಕಿತು. ಅಲ್ಲಿ ಹಿಂಸೆ ನೋಡಿದರು. ಆಳುವವರೂ ಅವರ ಸಮಾಜವೂ ಹೆಸರಿಗೆ ಮುಸ್ಲಿಂ, ನಿಜದಲ್ಲಿ ಇಸ್ಲಾಂ ಬರುವ ಮೊದಲಿನ ಅಜ್ಞಾನದ ಕಾಲದವರು ಅಂತ ಬರೆದರು. 1966ರಲ್ಲಿ ಗಲ್ಲಾಯಿತು. ಆಳ್ವಿಕೆ ದೇವರೊಬ್ಬನದೇ ಅನ್ನುವ ಅವರ ಮಾತಿನ ಹಿಂದೆ ಜಮಾತೆ ಇಸ್ಲಾಮಿ ಕಟ್ಟಿದ ಮೌದೂದಿ ಇದ್ದರು. ಮೌದೂದಿ ಹುಟ್ಟಿದ್ದು 1903ರಲ್ಲಿ, ಇಲ್ಲೇ ಔರಂಗಾಬಾದ್‌ನಲ್ಲಿ. ಇವರಿಬ್ಬರೂ ಸಲಫಿ ಗುರುಗಳ ಶಿಷ್ಯರಲ್ಲ. ಎಷ್ಟೋ ಸಲಫಿ ಮೌಲ್ವಿಗಳು ಕುತುಬ್‌ರನ್ನು ಇವತ್ತಿಗೂ ಬೈಯುತ್ತಾರೆ.

ಈಗ ಆ ಮಂಗೋಲ್ ಫತ್ವಾ ತೆಗೆ. ಅಬ್ದುಸ್ ಸಲಾಂ ಫರಾಜ್ ಅಂತ ಕೈರೋದ ಒಬ್ಬ ಎಲೆಕ್ಟ್ರಿಕಲ್ ಕೆಲಸದವನು. ಅವನು ಆ ಫತ್ವಾದಲ್ಲಿ ಮಂಗೋಲರ ಜಾಗಕ್ಕೆ ಈಜಿಪ್ಟಿನ ಅಧ್ಯಕ್ಷರನ್ನು ಕೂರಿಸಿದ. ಅಷ್ಟೇ ಮಾಡಿದ್ದು. 1981ರ ಅಕ್ಟೋಬರ್ 6ಕ್ಕೆ ಅವನ ಗುಂಪು ಆ ಅಧ್ಯಕ್ಷ ಸಾದಾತ್‌ರನ್ನು ಕೊಂದಿತು. ಇವನು ಮುಸ್ಲಿಮನೇ ಅಲ್ಲ ಅಂತ ಮುಸ್ಲಿಮನ ಮೇಲೆ ಹೊರಿಸುವುದಕ್ಕೆ ತಕ್ಫೀರ್ ಅನ್ನುತ್ತಾರೆ. ಭಯ ಪಡಬೇಕಾದದ್ದು ಈ ಶಬ್ದಕ್ಕೆ, ಪೈಜಾಮಕ್ಕಲ್ಲ. ಯಾರು ಯಾರನ್ನು ಹೊರಗೆ ಹಾಕುತ್ತಿದ್ದಾರೆ, ಹಾಕಿದ ಮೇಲೆ ಕೊಲ್ಲಬಹುದು ಅನ್ನುತ್ತಾರಾ, ಆ ಅಪ್ಪಣೆ ಕೊಡಲು ತಾನು ಯಾರು ಅಂದುಕೊಂಡಿದ್ದಾರೆ, ಅದನ್ನು ನೋಡಬೇಕು.

1979ರಲ್ಲಿ ಎರಡು ಘಟನೆ. ನವೆಂಬರಿನಲ್ಲಿ ಜುಹೈಮಾನ್ ಅನ್ನುವವನು ಮಕ್ಕಾದ ದೊಡ್ಡ ಮಸೀದಿಯನ್ನೇ ಹಿಡಿದ. ಎರಡು ವಾರ ಗುಂಡಿನ ಕಾಳಗ. ಅವನೂ ಸಲಫಿ, ಅವನ ಮೇಲೆ ಸೈನ್ಯ ಕಳಿಸಲು ಒಪ್ಪಿಗೆ ಕೊಟ್ಟ ಮೌಲ್ವಿಗಳೂ ಸಲಫಿ! ಡಿಸೆಂಬರಿನಲ್ಲಿ ರಷ್ಯಾ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಆ ಯುದ್ಧ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಿತು. ಪ್ಯಾಲೆಸ್ತೀನಿನ ಮೌಲ್ವಿ ಅಬ್ದುಲ್ಲಾ ಅಝ್ಝಾಂ ಪಾಕಿಸ್ತಾನದ ಪೇಶಾವರದಲ್ಲಿ ಕೂತು ಈ ಜಿಹಾದ್ ಪ್ರತಿಯೊಬ್ಬನ ಕರ್ತವ್ಯ ಅಂದರು. ಸೌದಿ ದುಡ್ಡು, ಅಮೆರಿಕದ ದುಡ್ಡು, ಕುತುಬ್ ಓದಿದ ಈಜಿಪ್ಟಿನವರು, ಸಲಫಿ ನಂಬಿಕೆಯ ಅರಬ್ ಹುಡುಗರು, ಎಲ್ಲ ಅಲ್ಲಿ ಸೇರಿದರು. 1988ರಲ್ಲಿ ಅಲ್ ಖೈದಾ ಹುಟ್ಟಿತು. ಮುಂದಿನದು ನಿನಗೇ ಗೊತ್ತು, ಟೀವಿಯಲ್ಲಿ ನೋಡಿದ್ದೀಯ.

ಇನ್ನು ತಾಲಿಬಾನ್ ಸಲಫಿ ಅಲ್ಲವೇ ಅಲ್ಲ, ಉತ್ತರ ಪ್ರದೇಶದ ದೇವಬಂದ್ ಮದರಸಾದ ದಾರಿ ಹಿಡಿದ ಹನಫಿ ಪಂಥದವರು. ಐಸಿಸ್‌ಗೂ ಅವರಿಗೂ ಅಫ್ಘಾನಿಸ್ತಾನದಲ್ಲೇ ಹೊಡೆದಾಟ.

ಐಸಿಸ್ ಅಂದರೆ ನಮ್ಮ ಕಲ್ಯಾಣದವರಿಗೆ ಬೇರೆಯೇ ನೆನಪು. 2014ರ ಮೇ ತಿಂಗಳಲ್ಲಿ ಇಲ್ಲಿನ ನಾಲ್ಕು ಹುಡುಗರು ಯಾತ್ರಿಗಳ ಗುಂಪಿನ ಜೊತೆ ಇರಾಕಿಗೆ ಹೋದರು. ಅಲ್ಲಿ ಗುಂಪಿನಿಂದ ತಪ್ಪಿಸಿಕೊಂಡು ಐಸಿಸ್ ಸೇರಿದರು. ನೋಡು, ಗೋರಿ ದರ್ಶನದ ಟಿಕೆಟ್ಟಿನಲ್ಲಿ ಹೋಗಿ ಗೋರಿ ಒಡೆಯುವವರ ಕೈ ಸೇರಿದರು. ಜುಲೈನಲ್ಲಿ ಅದೇ ಐಸಿಸ್ ಮೊಸುಲ್‌ನ ಯೂನುಸ್ ಪ್ರವಾದಿಯ ಗೋರಿ ಸಿಡಿಸಿತು. ಹುಡುಗರಲ್ಲಿ ಇಂಜಿನಿಯರಿಂಗ್ ಓದುವವರಿದ್ದರು. ಇಂಟರ್ನೆಟ್ ನೋಡಿ ತಲೆ ತಿರುಗಿತ್ತು. ಎದುರು ಕೂತು ಕಿವಿ ಹಿಂಡುವ ಗುರು ಇದ್ದಿದ್ದರೆ ಹೋಗುತ್ತಿರಲಿಲ್ಲವೇನೋ ಅಂತ ನನಗೆ ಅನಿಸುತ್ತದೆ, ಮೇಷ್ಟ್ರ ಬುದ್ಧಿ.

ನೀನು 26/11 ಕೇಳುತ್ತೀಯ, ಕೇಳಬೇಕು. ಆ ದಾಳಿ ಮಾಡಿಸಿದ ಲಷ್ಕರ್-ಎ-ತೊಯ್ಬಾ ಅಹ್ಲೆ ಹದೀಸ್ ಒಳಗಿಂದಲೇ ಬಂದದ್ದು. ಅದನ್ನು ಮುಚ್ಚಿಡಲಾಗದು. ಒಮ್ಮೆ ವಾಚ್ ಭಾಯಿಯನ್ನೇ ಕೇಳಿಬಿಟ್ಟೆ. ಕೇಳಬಾರದಿತ್ತೇನೋ. ಕಣ್ಣಿನ ಭೂತಗನ್ನಡಿ ತೆಗೆದು ಸುಮ್ನೆ ಕೂತರು. ಆಮೇಲೆ "ಸರ್, ಆ ಒಂಬತ್ತು ಹೆಣಕ್ಕೆ ನಾವು ಮಣ್ಣು ಕೊಡಲಿಲ್ಲ" ಅಂದರು. ಹೌದು, ದಾಳಿ ಮಾಡಿ ಸತ್ತ ಒಂಬತ್ತು ಜನರನ್ನು ಹೂಳಲು ಜಾಗ ಕೊಡುವುದಿಲ್ಲ ಅಂದುಬಿಟ್ಟರು ಮರೀನ್ ಲೈನ್ಸ್‌ನ ಬಡಾ ಕಬ್ರಸ್ತಾನದವರು. ಹೆಣಗಳು ವರ್ಷದ ಮೇಲೆ ಜೆಜೆ ಆಸ್ಪತ್ರೆಯ ಶವಾಗಾರದಲ್ಲಿದ್ದವು. 2010ರ ಜನವರಿಯಲ್ಲಿ ಸರ್ಕಾರ ಗುಟ್ಟಾಗಿ ಎಲ್ಲೋ ಹೂಳಿತು.

ಪಟ್ಟಿ ಗಿಟ್ಟಿ ಮಾಡಬೇಡ. ಆ ಫಾರ್ವರ್ಡನ್ನು ಬೇರೆ ಗ್ರೂಪಿಗೂ ಹಾಕಿದ್ದರೆ ಇದನ್ನೂ ಹಾಕು. ಮತ್ತೆ, ನಿಮ್ಮಪ್ಪನ ಎಚ್‌ಎಂಟಿ ನಿಂತಿದೆ ಅಂದಿದ್ದೆಯಲ್ಲ, ಭಾನುವಾರ ಬರುವಾಗ ತಾ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ, ಉಳಿದ ದಿನ ರಾತ್ರಿ ಒಂಬತ್ತರವರೆಗೂ ಇರುತ್ತಾರೆ.