ದೇವರನ್ನು ನಂಬದವರು ‘ಲೆಫ್ಟ್ ಬಿಹೈಂಡ್’ ಓದುವುದು ಹೇಗೆ?

ಕುಂಬಳೆ ಓದುಗಿ:
ಒಂಬತ್ತನೇ ಕ್ಲಾಸಿನ ಮಗಳು ಗೆಳತಿಯ ಮನೆಯಿಂದ ‘ಲೆಫ್ಟ್ ಬಿಹೈಂಡ್: ದ ಕಿಡ್ಸ್’ ಎಂಬ ಕ್ರೈಸ್ತ ಕಾದಂಬರಿ ಸರಣಿಯ ಮೊದಲ ಪುಸ್ತಕ ತಂದಿದ್ದಾಳೆ. ಅವಳಿಗಿಂತ ಮೊದಲು ನಾನೇ ಓದಿದೆ. ಯೇಸುವನ್ನು ನಿಜವಾಗಿ ನಂಬಿದವರೆಲ್ಲ ಒಂದೇ ಕ್ಷಣದಲ್ಲಿ ಮಾಯವಾಗುತ್ತಾರೆ, ಅವರು ತೊಟ್ಟ ಬಟ್ಟೆ ಮಾತ್ರ ಬಿದ್ದಿರುತ್ತದೆ, ಹಿಂದೆ ಉಳಿದ ನಾಲ್ಕು ಮಕ್ಕಳ ಕಥೆ. ನನಗೆ ದೇವರಲ್ಲಿ ನಂಬಿಕೆ ಇಲ್ಲ. ಆದರೂ ಆ ಬಟ್ಟೆಗಳ ಚಿತ್ರ ಕಣ್ಣಿಂದ ಹೋಗುತ್ತಿಲ್ಲ. ಬೇಸರ ಆದದ್ದು ಆಮೇಲೆ. ಮಕ್ಕಳು ಏನೇ ಕೇಳಲಿ, ಉತ್ತರ ಮೊದಲೇ ತೀರ್ಮಾನ ಆಗಿದೆ. ಮಗಳಿಗೆ ಕೊಡಲಾ?

ಬದಿಯಡ್ಕದವ:
ಕೊಡಿ ಅಕ್ಕ. ಬಚ್ಚಿಟ್ಟರೆ ಕದ್ದು ಓದುತ್ತಾಳೆ. 1998ರಿಂದ 2004ರವರೆಗೆ 40 ಪುಸ್ತಕ ಬಂದಿವೆ, ನಾನು ಹತ್ತು ಹನ್ನೆರಡು ಓದಿದ್ದೇನೆ. ನಾನೂ ನಂಬದವನೇ. ಭಕ್ತಿ ಇದೆ ಅಂತ ನನಗೆ ತಕರಾರಿಲ್ಲ, ವೇಷವಿಲ್ಲದೆ ಕೂತು ಮಾತಲ್ಲೇ ಕಥೆ ನಡೆಸುವ ನಮ್ಮ ತಾಳಮದ್ದಳೆಯಲ್ಲಿ ಇಲ್ಲದ ಭಕ್ತಿಯಾ? ಆದರೆ ವಾಲಿವಧೆಯಲ್ಲಿ ಬಾಣ ತಿಂದು ಬಿದ್ದ ವಾಲಿ ‘ಮರೆಯಲ್ಲಿ ನಿಂತು ಯಾಕೆ ಹೊಡೆದೆ’ ಅಂತ ರಾಮನನ್ನೇ ಕೇಳುತ್ತಾನಲ್ವಾ, ವಾಲಿಯ ಪರ ಮಾತಾಡಲು ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಅದೊಂದೇ ಪ್ರಶ್ನೆ ಅರ್ಧ ಗಂಟೆ ನಡೆಯುತ್ತದೆ, ರಾಮನ ಅರ್ಥ ಹೇಳುವವರು ಬೆವರಬೇಕು, ಎದುರು ಕೂತ ಭಕ್ತರೇ ವಾಲಿಯ ಮಾತಿಗೆ ತಲೆದೂಗುತ್ತಾರೆ. ಈ ಪುಸ್ತಕಗಳಲ್ಲಿ ವಾಲಿಗೆ ಬಾಯಿ ಇಲ್ಲ. ನಂಬದವನು ಒಂದೋ ಹಟಮಾರಿ, ಇಲ್ಲವೇ ನಾಳೆ ನಂಬುವವನು. ನನಗೆ ನೋವಾಗುವುದು ಅಲ್ಲೇ.

ಮಂಜೇಶ್ವರ ಟೀಚರ್:
ನಾನು ಪ್ರತಿ ಭಾನುವಾರ ಇಗರ್ಜಿಗೆ ಹೋಗುವವಳು. ಇದು ಎಲ್ಲ ಕ್ರೈಸ್ತರ ನಂಬಿಕೆ ಅಂತ ದಯವಿಟ್ಟು ತಿಳಿಯಬೇಡಿ. ಕೊನೆಗಾಲದ ಸಂಕಟಕ್ಕೆ ಮೊದಲೇ ನಂಬಿದವರನ್ನು ಸ್ವರ್ಗಕ್ಕೆ ಎತ್ತಿಕೊಳ್ಳಲಾಗುತ್ತದೆ ಅನ್ನುವ ಬೈಬಲಿನ ಓದನ್ನು 19ನೇ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಧರ್ಮಬೋಧಕ ಹರಡಿದ್ದು. ನಮ್ಮ ಕ್ಯಾಥೊಲಿಕ್ ಸಭೆ ಹಾಗೆ ಕಲಿಸುವುದಿಲ್ಲ. ಹೆದರಿಸಿ ಹುಟ್ಟಿಸಿದ ಭಕ್ತಿ ನನಗೂ ಬೇಡ. ಮಗಳ ಜೊತೆ ಕೂತು ಓದಿ.

ಕುಂಬಳೆ ಓದುಗಿ:
ಇಬ್ಬರಿಗೂ ಥ್ಯಾಂಕ್ಸ್. ಮೊನ್ನೆ ಕೊಟ್ಟೆ. ರಾತ್ರಿ ಪುಟದ ನಡುವೆ ಬೆರಳಿಟ್ಟುಕೊಂಡೇ ನನ್ನ ಹತ್ತಿರ ಬಂದಳು. “ಅಜ್ಜಿ ದಿನಾ ದೀಪ ಹಚ್ತಾರಲ್ಲ, ಅವರನ್ನೂ ಬಿಟ್ಟು ಹೋಗ್ತಾರಾ?” ಈ ಪುಸ್ತಕದ ಲೆಕ್ಕದಲ್ಲಿ ಹೌದು ಎಂದೆ. ಅವಳಿಗೆ ವಿಪರೀತ ಸಿಟ್ಟು ಬಂತು. ಬೆರಳು ಮಾತ್ರ ಪುಟದಿಂದ ತೆಗೆಯಲಿಲ್ಲ.